ಯಾರದೋ ಎಂಜಲು

ಮನೆಯಿಂದ,
ನವೆಂಬರ್ ೧೪, ಶನಿವಾರ ಬೆಳಿಗ್ಗೆ

ಪ್ರೀತಿಯ ಮೊಂಡಿ,

ಹೇಗಿದ್ದೀಯೆ? ಹೊತ್ತಿಗೆ ಸರಿಯಾಗಿ ಊಟ ಮಾಡುತ್ತಿದ್ದೀಯಾ, ಇಲ್ಲ ಆ ಸುರಂಗದ ಅಳತೆ ಮುಗಿಯುವವರೆಗೂ ಹೊಟ್ಟೆಗೆ ರಜೆ ಕೊಟ್ಟಿದ್ದೀಯಾ? ಶಿಬಿರದಲ್ಲಿ ಚಳಿ ಹೆಚ್ಚಾಗಿದೆಯಂತೆ, ಕಿವಿಗೆ ಏನಾದರೂ ಸುತ್ತಿಕೊ. ನನ್ನ ಆರೋಗ್ಯ ಪರವಾಗಿಲ್ಲ. ಹೊಸ ಮಾತ್ರೆ ಮೈಗೆ ಒಗ್ಗಿದೆ, ವಾಕರಿಕೆ ನಿಂತಿದೆ, ತಲೆಯ ಮೇಲೆ ಬೆರಳಿಗೆ ಸಿಗುವಷ್ಟು ಕೂದಲು ಬಂದಿದೆ. ಹೋದ ವಾರದಿಂದ ಡ್ರೈವಿಂಗ್ ಸ್ಕೂಲಿಗೂ ಮತ್ತೆ ಕಲಿಸಲು ಹೋಗುತ್ತಿದ್ದೇನೆ. ಮೊದಲ ದಿನವೇ ಒಬ್ಬ ಮಹಾಶಯ ಬ್ರೇಕ್ ಅಂದುಕೊಂಡು ಆಕ್ಸಿಲರೇಟರ್ ತುಳಿದು ಗೇಟಿನ ಕಂಬಕ್ಕೆ ಗುದ್ದಿದ. ಅವನ ನೀರಿಳಿಸುವಷ್ಟು ದನಿ ನನ್ನ ಗಂಟಲಲ್ಲಿ ಇನ್ನೂ ಉಳಿದಿದೆ ಎಂದು ಗೊತ್ತಾಗಿ ಖುಷಿಯಾಯಿತು.

ಫೋನ್ ಮಾಡದೆ ಕಾಗದ ಬರೆಯುತ್ತಿದ್ದಾಳಲ್ಲ ಎಂದುಕೊಳ್ಳಬೇಡ. ನಿನ್ನೆಯೆಲ್ಲ ಮಾಡಿದೆ. ಶಿಬಿರದ ಆಫೀಸಿನವನು ನೀನು ಸುರಂಗದ ಆ ತುದಿಯಲ್ಲಿದ್ದೀಯೆ ಎಂದ, ಆಮೇಲೆ ಲೈನೇ ಸತ್ತುಹೋಯಿತು. ನಿಮ್ಮಲ್ಲಿಗೆ ಸಾಮಾನು ತರುವ ಲಾರಿಯ ಡ್ರೈವರ್ ನನ್ನ ಹತ್ತಿರವೇ ಸ್ಟೀರಿಂಗ್ ಹಿಡಿಯಲು ಕಲಿತವನು. ಇವತ್ತು ಹೊರಡುತ್ತಾನೆ, ಇದನ್ನು ನಿನ್ನ ಕೈಗೇ ಕೊಡುತ್ತಾನೆ. ಹೇಳಬೇಕಾದ್ದನ್ನು ಮೊದಲೇ ಹೇಳಿಬಿಡುತ್ತೇನೆ. ನಿನ್ನ ಜೀನ್ ಪರೀಕ್ಷೆಯಲ್ಲಿ ದೋಷ ಇಲ್ಲ ಎಂದು ಬಂತಲ್ಲ, ಅದನ್ನು ನಂಬಬೇಡ. ಪರೀಕ್ಷೆಗೆ ಹೋದ ಕೊಳವೆಯಲ್ಲಿ ಇದ್ದದ್ದು ನಿನ್ನ ಎಂಜಲಲ್ಲ.

ನನ್ನ ಎದೆಯ ಗಡ್ಡೆ ತೆಗೆದ ಮೇಲೆ ಜೀನ್ ವಿಭಾಗದ ಡಾಕ್ಟರಮ್ಮ ನಮ್ಮನ್ನು ಕೂರಿಸಿಕೊಂಡು ಹೇಳಿದ್ದು ನೆನಪಿದೆಯಲ್ಲ. ಅಮ್ಮನನ್ನು ಕೊಂದ ಅಂಡಾಶಯದ ಕ್ಯಾನ್ಸರ್, ನನ್ನ ಎದೆಯದು, ಎರಡರ ಬೇರೂ ಹುಟ್ಟಿನಿಂದ ಬಂದ ಒಂದೇ ದೋಷದಲ್ಲಿ ಇರಬಹುದು ಎಂದಿದ್ದರು. ಆ ದೋಷ ನನ್ನಲ್ಲಿ ಸಿಕ್ಕಿದ್ದರಿಂದಲೇ ಅದಕ್ಕೆ ಹೊಂದುವ ಮಾತ್ರೆ ಆರಿಸಿ ಕೊಟ್ಟರು, ಎಲ್ಲರಿಗೂ ಕೊಡುವುದನ್ನೇ ನನಗೂ ಕೊಟ್ಟು ಕೈ ತೊಳೆದುಕೊಳ್ಳಲಿಲ್ಲ. "ನಿಮ್ಮ ತಂಗಿಗೂ ಇರಬಹುದು, ಇಲ್ಲದೆಯೂ ಇರಬಹುದು, ಅರ್ಧಕ್ಕರ್ಧ" ಎಂದು ಹೇಳಿ, ನಿನಗೊಂದು ಅಪ್ಪನಿಗೊಂದು ಎಂಜಲಿನ ಕೊಳವೆ ಕಳಿಸಿದರು. ಅಪ್ಪ "ಛೀ, ಉಗುಳಿ ಕಳಿಸೋದಾ, ನನ್ನ ಕೈಲಾಗಲ್ಲ" ಎಂದು ತಮ್ಮದನ್ನು ಡಬ್ಬಿಯ ಸಮೇತ ಬೀರುವಿಗೆ ತಳ್ಳಿದರು. ನೀನು ಹೊರಡುವ ದಿನ ಕಾಫಿಯನ್ನೂ ಮುಟ್ಟದೆ, ಬಾಗಿಲ ಬಳಿ ಚೀಲ ಇಟ್ಟುಕೊಂಡು, ಗೆರೆ ಮುಟ್ಟುವವರೆಗೆ ಉಗುಳಿದೆ. "ಬಾಯಲ್ಲಿ ಒಂದು ತೊಟ್ಟೂ ಇಲ್ಲ ಕಣೆ ಅಕ್ಕ, ಸಾಲ ಕೊಡ್ತೀಯಾ" ಎಂದು ಕೇಳಿದ್ದೆ. ನಾನು ಕೀಮೋ ಮುಗಿಸಿ ಬಂದು ಸೋಫಾದ ಮೇಲೆ ಬಕೆಟ್ ತಬ್ಬಿಕೊಂಡು ಬಿದ್ದಿದ್ದೆ, ನಗುವುದಕ್ಕೂ ತ್ರಾಣ ಇರಲಿಲ್ಲ. ನೀನು ಹೆಸರಿನ ಚೀಟಿ ಅಂಟಿಸಿ, ಕೊರಿಯರ್‌ಗೆ ಕೊಡಿ ಎಂದು ಸೋದರತ್ತೆಯ ಕೈಗೆ ಕೊಟ್ಟು ಬಸ್ಸಿಗೆ ಓಡಿದೆ.

ರಿಪೋರ್ಟ್ ಬಂದಾಗ ನಾನು ಅತ್ತೇಬಿಟ್ಟೆ. ಒಬ್ಬಳಾದರೂ ಬಚಾವಾದಳು ಎಂದು. ಈ ಸೋಮವಾರ ಡಾಕ್ಟರಮ್ಮ ನನ್ನನ್ನೂ ಅಪ್ಪನನ್ನೂ ಕರೆಸಿಕೊಂಡರು. ಕೊಳವೆ ಅದಲುಬದಲಾಗದಿರಲಿ ಎಂದು ಒಂದೇ ಮನೆಯವರ ಮಾದರಿಗಳನ್ನು ಲ್ಯಾಬಿನವರು ತಾಳೆ ನೋಡುತ್ತಾರಂತೆ. ನಮ್ಮದನ್ನು ತಡವಾಗಿ ನೋಡಿದ್ದಕ್ಕೆ ಆಕೆ ಕ್ಷಮೆಯನ್ನೂ ಕೇಳಿದರು. "ಅಕ್ಕತಂಗಿಗೆ ಹೊಂದಬೇಕಾದಷ್ಟು ಹೊಂದ್ತಿಲ್ಲ, ಅದರಲ್ಲಿ ಅರ್ಧ ಮಾತ್ರ ಹೊಂದ್ತಿದೆ. ಕೊಳವೆ ಬದಲಾಗಿರೋದೇ ಹೆಚ್ಚು. ಅಪರೂಪಕ್ಕೆ ತಂದೆನೋ ತಾಯಿನೋ ಬೇರೆ ಇರ್ತಾರೆ. ಯಾವುದಕ್ಕೂ ತಂಗಿ ಇನ್ನೊಂದು ಸಲ ಪರೀಕ್ಷೆ ಮಾಡಿಸ್ಕೊಳ್ಳಲಿ" ಎಂದರು. ಇಷ್ಟೇ ಮಾತು. ಅಪ್ಪನ ಕಿವಿಗೆ ಬಿದ್ದದ್ದು ನಡುವಿನ ಒಂದೇ ಒಂದು ವಾಕ್ಯ, ಅದರಲ್ಲೂ ತಂದೆ ಎಂಬ ಒಂದೇ ಒಂದು ಪದ.

ಕಾರಿನಲ್ಲಿ ಬರುವಾಗ ಅವರು ನನ್ನ ಮುಖ ನೋಡಲಿಲ್ಲ. ಎದುರಿನ ಗಾಜಿಗೆ ಹೇಳುವವರ ಹಾಗೆ "ಅವಳು ಹುಟ್ಟೋ ಮುಂಚೆ ನಾನು ತಿಂಗಳುಗಟ್ಟಲೆ ಬೇರೆ ಊರಲ್ಲಿದ್ದೆ" ಎಂದರು. ಕಾರನ್ನು ಅಲ್ಲೇ ರಸ್ತೆ ಮಧ್ಯೆ ನಿಲ್ಲಿಸಿದೆ, ಹಿಂದಿನವರೆಲ್ಲ ಹಾರ್ನ್ ಹೊಡೆದು ನನ್ನ ಜನ್ಮ ಜಾಲಾಡಿದರು. ಯಾವ ಹೆಂಗಸು ಸಾಯುವ ಹಿಂದಿನ ವಾರ ಕೂಡ ಇವರ ಅಂಗಿಯ ಗುಂಡಿ ಹೊಲಿದು ಕೊಟ್ಟಿದ್ದಳೋ ಆ ಹೆಂಗಸಿನ ಬಗ್ಗೆ ಆಡುವ ಮಾತೇ ಇದು? ಮನೆಗೆ ಬಂದವರೇ ಹಜಾರದಲ್ಲಿದ್ದ ಅಮ್ಮನ ಫೋಟೊ ಇಳಿಸಿ, ಗೋಡೆಗೆ ಮುಖ ಮಾಡಿ ಬೀರುವಿನ ಸಂದಿಯಲ್ಲಿ ನಿಲ್ಲಿಸಿದರು. ನಾನು ತೆಗೆದು ಹಾಕಿದೆ, ಮತ್ತೆ ಇಳಿಸಿದರು. ಹೇಸಿಗೆಯಾಯಿತು, ಮೊಂಡಿ.

ಅಪ್ಪನದು ಇದಾದರೆ ಅತ್ತೆಯದು ಇನ್ನೊಂದು. ಊಟಕ್ಕೆ ಕೂತಾಗ ಅಪ್ಪ ತಮ್ಮ ಅಕ್ಕನನ್ನು ಕೇಳಿದರು, "ಆಗ ನೀನು ಇಲ್ಲೇ ಇದ್ದೆಯಲ್ಲ, ನಿಂಗೇನಾದ್ರೂ ಗೊತ್ತಿತ್ತಾ" ಎಂದು. ಅತ್ತೆ ಬಡಿಸುತ್ತಾ "ಹೋದೋರ ವಿಷಯ ಈಗ್ಯಾಕೆ, ಬಿಡು" ಎಂದರು. ಇಲ್ಲ ಎನ್ನಲಿಲ್ಲ, ನೋಡು. ಬಿಡು ಎಂದರು. ನಾಲಿಗೆಯಲ್ಲಿ ಒಂದು ಇಲ್ಲ ಹುಟ್ಟಿದ್ದರೆ ಅಮ್ಮನ ಮಾನ ಅಲ್ಲೇ ಉಳಿಯುತ್ತಿತ್ತು.

ನನಗೆ ಡಾಕ್ಟರಮ್ಮನ ಮೊದಲ ಮಾತೇ ತಲೆಯಲ್ಲಿ ಕೊರೆಯುತ್ತಿತ್ತು. ಲ್ಯಾಬಿನಲ್ಲಿ ಬದಲಾಗಿದ್ದರೆ ಯಾರೋ ಹಾದಿಹೋಕರ ಎಂಜಲು ನನ್ನದರ ಜೊತೆ ಅರ್ಧವಾದರೂ ಯಾಕೆ ಹೊಂದಬೇಕು? ನಿನ್ನೆ ಬೀರು ತೆಗೆದು ಅಪ್ಪನ ಡಬ್ಬಿ ನೋಡಿದೆ. ಡಬ್ಬಿ ಇದೆ, ಕೊಳವೆ ಇಲ್ಲ. ಅತ್ತೆ ಹುರುಳಿಕಾಯಿ ನಾರು ತೆಗೆಯುತ್ತಿದ್ದರು. ಕೇಳಿದೆ. ತಲೆ ಎತ್ತದೆ ಹೇಳಿದರು, "ಅದ್ರಲ್ಲಿ ನಾನೇ ಉಗುಳಿ ಹಾಕ್ದೆ. ಇಷ್ಟು ವಯಸ್ಸಾದ್ರೂ ನಂಗೊಂದು ಗಂಟಿಲ್ಲ, ಗಡ್ಡೆ ಇಲ್ಲ. ನಂದು ಹೋದ್ರೆ ಒಳ್ಳೆ ರಿಪೋರ್ಟ್ ಬರುತ್ತೆ ಅಂತ ಹಾಕ್ದೆ. ಆ ಮಗು ಕೈಗೆ ಕೆಟ್ಟ ಕಾಗದ ಕೊಡೋಕೆ ಮನಸ್ಸು ಬರ್ಲಿಲ್ಲ." ನಿನ್ನ ಹೆಸರಿನ ಚೀಟಿ ಕಿತ್ತು ತಮ್ಮದಕ್ಕೆ ಅಂಟಿಸಿ, ನಿನ್ನ ಕೊಳವೆಯನ್ನು ಕಸದ ಬುಟ್ಟಿಗೆ ಹಾಕಿದರಂತೆ. ಸೋದರತ್ತೆಯ ರಕ್ತ ನನ್ನದರೊಡನೆ ಅಷ್ಟೇ ಹೊಂದುವುದು ಎಂದು ಡಾಕ್ಟರಮ್ಮ ಆಮೇಲೆ ಫೋನಿನಲ್ಲಿ ಬಿಡಿಸಿ ಹೇಳಿದರು. ನಮ್ಮ ದೋಷ ಅಮ್ಮನ ಕಡೆಯದಾದರೆ ಅತ್ತೆಯ ರಿಪೋರ್ಟಿನಲ್ಲಿ ಅದು ಎಲ್ಲಿಂದ ಬರಬೇಕು?

ನಿನ್ನನ್ನು ಎತ್ತಿ ಆಡಿಸಿದ ಕೈ ಅದು, ಗೊತ್ತು. ಪ್ರೀತಿಗೇ ಮಾಡಿದ್ದು, ಅದೂ ಗೊತ್ತು. ಆದರೆ ಸತ್ತವಳ ಮೇಲೆ ಗಂಡ ಅನುಮಾನ ಪಟ್ಟು ಒದ್ದಾಡುವುದನ್ನು ಕಣ್ಣಾರೆ ನೋಡುತ್ತಾ, ಕಾರಣ ತನ್ನ ಬಾಯಲ್ಲೇ ಇದ್ದರೂ ಅನ್ನ ಬಡಿಸಿಕೊಂಡಿದ್ದ ಆ ಕೈಯ ಊಟ ನನಗೆ ಬೇಡ. ನಿನ್ನೆಯಿಂದ ನನ್ನ ಅಡುಗೆ ನಾನೇ ಮಾಡಿಕೊಳ್ಳುತ್ತಿದ್ದೇನೆ.

ಅಪ್ಪನಿಗೆ ಹೇಳಿದಾಗ ಏನು ಮಾಡಿದರು ಗೊತ್ತೇ? "ಸದ್ಯ" ಎಂದರು. ಎದೆಯ ಮೇಲೆ ಕೈ ಇಟ್ಟುಕೊಂಡು "ಸದ್ಯ, ಇಷ್ಟೇನಾ" ಎಂದರು. ಫೋಟೊ ತೆಗೆದು ಟವೆಲ್ಲಿನಲ್ಲಿ ಒರೆಸಿ ಮೊಳೆಗೆ ಹಾಕಿ, ಕಾಫಿ ಕೇಳಿದರು. ಅತ್ತೆ ಮಾಡಿಕೊಟ್ಟರು. ಇಬ್ಬರ ಮುಖವೂ ಮದುವೆ ಮುಗಿಸಿದವರ ಹಾಗೆ ಹಗುರವಾಗಿತ್ತು. ಹಾಗಾದರೆ ಆ ಹುಡುಗಿಗೆ ದೋಷ ಇದೆಯೋ ಇಲ್ಲವೋ ಎಂದು ಒಬ್ಬರ ಬಾಯಿಂದಲೂ ಬರಲಿಲ್ಲ. ಅವರ ಮರ್ಯಾದೆ ವಾಪಸ್ಸು ಬಂತಲ್ಲ, ಸಾಕು. ನಾನು ಕೂಗಾಡಿದೆ. "ಮಾತ್ರೆಯಿಂದ ಸಿಟ್ಟು ಜಾಸ್ತಿಯಾಗಿದೆ" ಎಂದು ಮಾತಾಡಿಕೊಂಡರು.

ಹೊಸ ಕೊಳವೆ ಡಾಕ್ಟರಮ್ಮನ ಮೇಜಿನ ಮೇಲೆ ನಿನ್ನ ಹೆಸರು ಬರೆದುಕೊಂಡು ಕೂತಿದೆ. ಈ ಸಲ ಅವರ ಎದುರಿಗೇ ಕೊಡಬೇಕು. ದೋಷ ಇದೆ ಎಂದು ಬಂದರೂ ಎದೆಗುಂದಬೇಡ. ವರ್ಷ ವರ್ಷ ಸ್ಕ್ಯಾನ್ ಮಾಡಿ ಕಾವಲು ಕಾಯುತ್ತಾರೆ, ಮುಂದೆ ಅಂಡಾಶಯ ತೆಗೆಸುವುದೋ ಬಿಡುವುದೋ ನಿನ್ನ ಜೊತೆ ಕೂತು ಯೋಚಿಸುತ್ತಾರೆ. ಅಮ್ಮನಿಗೆ ಏನೂ ಗೊತ್ತಾಗಲಿಲ್ಲ. ನನಗೆ ಗಡ್ಡೆ ಬಂದ ಮೇಲೆ ಗೊತ್ತಾಯಿತು. ನಿನಗೆ ಮೊದಲೇ ಗೊತ್ತಾಗಲಿ ಎಂದು ತಾನೇ ಇಷ್ಟೆಲ್ಲ ಮಾಡಿದ್ದು.

ನಿನ್ನ ಶಿಬಿರದ ಗೆಳತಿಯರಿಗೆ ನನ್ನ ನೆನಪು ಹೇಳು. ಈ ಮನೆಯಿಂದ ಯಾರ ಆಶೀರ್ವಾದವನ್ನೂ ನಾನು ಹೊತ್ತು ಕಳಿಸುವುದಿಲ್ಲ. ನನ್ನದೊಂದೇ ಇದೆ, ಅದೆಲ್ಲ ನಿನಗೇ.

ಇಂತಿ,
ನಿನ್ನನ್ನು ಬೈಯಲು ಹಕ್ಕಿರುವ ಒಬ್ಬಳೇ ಅಕ್ಕ

ತಾ.ಕ.: ಲಾರಿ ಗೇಟಿಗೆ ಬಂದಿದೆ. ಇಷ್ಟು ಹೊತ್ತೂ ಇದನ್ನು ಬರೆಯಲು ಕೈ ಬರಲಿಲ್ಲ. ಹೋದ ತಿಂಗಳ ಕಾಗದದಲ್ಲಿ ನೀನು ಎಡ ಎದೆಯಲ್ಲಿ ಕಡಲೆಕಾಳಿನಷ್ಟು ಗಂಟು ಕೈಗೆ ಸಿಕ್ಕಿದೆ, ರಿಪೋರ್ಟ್ ಚೆನ್ನಾಗಿದೆಯಲ್ಲ ಎಂದು ಯಾರಿಗೂ ತೋರಿಸಲಿಲ್ಲ ಎಂದು ಬರೆದಿದ್ದೆ. ಆ ಸಾಲನ್ನು ನಾನು ಅಪ್ಪನಿಗೂ ಅತ್ತೆಗೂ ಗಟ್ಟಿಯಾಗಿ ಓದಿ ಹೇಳಿದ್ದೆ. ಅತ್ತೆ ಪೂರ್ತಿ ಕೇಳಿಸಿಕೊಂಡು, "ರಿಪೋರ್ಟ್ ಚೆನ್ನಾಗಿದ್ಯಲ್ಲ, ಅದೇನೂ ಇರಲ್ಲ" ಎಂದಿದ್ದರು. ರಜೆ ಕೇಳುತ್ತಾ ಕೂರಬೇಡ, ಇದೇ ಲಾರಿ ಹತ್ತಿ ಬಾ. ನೀನು ಹತ್ತುವವರೆಗೂ ಅಲ್ಲಿಂದ ಕದಲಬೇಡ ಎಂದು ಡ್ರೈವರ್‌ಗೆ ಹೇಳಿದ್ದೇನೆ.