ನಿನ್ನ ಮೂಗಿಗೆ ಎರಡು ಮರದ ತುಂಡು

ಮನೆ, ಹಿಂದಿನ ಕೆಲಸದ ಕೋಣೆ
ಹನ್ನೆರಡನೇ ತಾರೀಖು, ಭಾನುವಾರ ಬೆಳಿಗ್ಗೆ

ನನ್ನ ಪ್ರೀತಿಯ ಮನೆಯೊಡತಿಗೆ,

ಹೇಗಿದ್ದೀಯ? ಮೊಣಕಾಲು ನೋವು ಕಡಿಮೆಯಾಯಿತೇ, ಇಲ್ಲ ಮೊಮ್ಮಗಳನ್ನು ಎತ್ತಿಕೊಂಡು ಮಹಡಿ ಹತ್ತಿ ಇಳಿದು ಇನ್ನಷ್ಟು ಮಾಡಿಕೊಂಡೆಯಾ? ಬಾಣಂತಿ ಮಗಳು ಹೊತ್ತಿಗೆ ಸರಿಯಾಗಿ ಉಣ್ಣುತ್ತಾಳೆ ತಾನೇ? ನಾನು ಚೆನ್ನಾಗಿದ್ದೇನೆ. ಸ್ವಲ್ಪ ನೆಗಡಿ, ಅಷ್ಟೇ.

ಪುಟ್ಟಿಯ ಮೇಜು ಮುಗಿಯಿತು. ನಾಲ್ಕು ಮೂಲೆಗಳನ್ನೂ ದುಂಡಗೆ ಉಜ್ಜಿ, ನನ್ನ ಕೆನ್ನೆಯನ್ನೇ ಒತ್ತಿ ನೋಡಿದ್ದೇನೆ, ಎಲ್ಲೂ ಚುಚ್ಚುವುದಿಲ್ಲ. ಈಗ ಉಳಿದಿರುವುದು ಮೇಲೆ ಏನು ಬಳಿಯುವುದು ಎಂಬುದೊಂದೇ, ಅದೇ ತಲೆ ತಿನ್ನುತ್ತಿದೆ. ಮಗು ಹಿಡಿದು ನಿಲ್ಲಲು ಕಲಿತ ದಿನವೇ ಅಂಚಿಗೆ ಬಾಯಿ ಹಾಕುತ್ತದೆ. ನಿನ್ನ ಮಗಳು ನಮ್ಮ ಕಪಾಟನ್ನು ಇಲಿಯ ಹಾಗೆ ಕೊರೆದಿರಲಿಲ್ಲವೇ? ನಾನು ಹಚ್ಚಿದ್ದೆಲ್ಲ ಆ ಕೂಸಿನ ಹೊಟ್ಟೆಗೇ ಹೋಗುತ್ತದೆ ಎಂದು ಎಣಿಸಿಯೇ ಹಚ್ಚಬೇಕು. ಬಣ್ಣದಂಗಡಿಯವನು ಒಂದು ಡಬ್ಬಿ ಮುಂದಿಟ್ಟು "ಇದನ್ನ ಹಚ್ಚಿ ಯಜಮಾನ್ರೇ, ಕನ್ನಡಿ ಹಾಗೆ ಹೊಳೆಯುತ್ತೆ" ಎಂದ. ಮಗು ಕಚ್ಚಿದರೆ ಎಂದು ಕೇಳಿದ್ದಕ್ಕೆ "ಮಗು ಯಾಕ್ರೀ ಮೇಜು ಕಚ್ಚುತ್ತೆ?" ಎಂದು ಬಾಯಿ ಬಿಟ್ಟ. ಪಾಪ, ಅವನಿಗಿನ್ನೂ ಮದುವೆಯಾಗಿಲ್ಲ.

ಅರಗಿನ ಪಾಲಿಶ್ ಬೇಡವೆಂದೆ, ಅಳಿಯಂದಿರು ಬಿಸಿ ಲೋಟ ಇಟ್ಟರೆ ಬಿಳಿ ಉಂಗುರ ಗ್ಯಾರಂಟಿ. ಕೊನೆಗೆ ಅದೇ ಮರದ ಎರಡು ತುಂಡು ತೆಗೆದುಕೊಂಡು, ಒಂದಕ್ಕೆ ಎಣ್ಣೆ ಮತ್ತು ಮೇಣ, ಇನ್ನೊಂದಕ್ಕೆ ನೀರಲ್ಲಿ ಕಲಸುವ ಪಾರದರ್ಶಕ ವಾರ್ನಿಷ್ ಹಚ್ಚಿ ಇಪ್ಪತ್ತು ದಿನ ಬಿಟ್ಟೆ. ಎಣ್ಣೆಯದು ಕೊಂಚ ಹಳದಿಗೆ ತಿರುಗಿದೆ, ಆದರೆ ಗೀರು ಬಿದ್ದರೆ ಬಟ್ಟೆಯಲ್ಲಿ ಒರೆಸಿ ಸರಿಮಾಡಬಹುದು. ಇನ್ನೊಂದರಲ್ಲಿ ಮರದ ಬಣ್ಣ ಇದ್ದ ಹಾಗೇ ಇದೆ. ಮುಟ್ಟಿದರೆ ಎರಡೂ ಒಣಗಿವೆ. ಒಳಗೆ ಹಸಿ ಉಳಿದಿದೆಯೋ ಇಲ್ಲವೋ ಎಂಬುದನ್ನು ವಾಸನೆಯೇ ಹೇಳಬೇಕು, ಆ ಕೆಲಸ ಮೂವತ್ತು ವರ್ಷದಿಂದ ನಿನ್ನದೇ. "ಇನ್ನೂ ಘಾಟಿದೆ ರೀ, ಕೊಡಬೇಡಿ" ಎಂದು ನೀನು ಹಟ ಹಿಡಿದದ್ದಕ್ಕೆ, ಡಾಕ್ಟರಿಗೆಂದು ಮಾಡಿದ ಕಪಾಟು ಎಂಟು ದಿನ ನಮ್ಮ ನಡುಮನೆಯಲ್ಲೇ ಕೂತಿತ್ತು. ಅವತ್ತು ಗೊಣಗಿದೆ, ನಿಜ. ಇವತ್ತು ಆ ಮೂಗಿಲ್ಲದೆ ಕೈಕಟ್ಟಿ ಕೂತಿದ್ದೇನೆ. ಎರಡೂ ತುಂಡು ಈ ಪೊಟ್ಟಣದಲ್ಲಿವೆ, ಹಿಂದೆ ಪೆನ್ಸಿಲಿನಲ್ಲಿ ಒಂದು, ಎರಡು ಎಂದು ಬರೆದಿದ್ದೇನೆ. ಮೂಸಿ ನೋಡಿ ತಿಳಿಸು. ನೀನು ಹೇಳುವವರೆಗೆ ಮೇಜಿಗೆ ಬ್ರಷ್ ಮುಟ್ಟಿಸುವುದಿಲ್ಲ.

ಮಗಳಿಗೂ ಅಳಿಯಂದಿರಿಗೂ ನನ್ನ ಆಶೀರ್ವಾದ. ಪುಟ್ಟಿಯ ಎರಡೂ ಕೆನ್ನೆಗೆ ಒಂದೊಂದು ಮುತ್ತು, ನಿನಗೆ ಉಳಿದದ್ದೆಲ್ಲ.

ನೀನೇ ಹೆಸರಿಟ್ಟ,
ಮರಹುಳ

ತಾ.ಕ.: ಪೊಟ್ಟಣ ಕಟ್ಟಿ ಮತ್ತೆ ಬಿಚ್ಚಿದೆ. ನೆಗಡಿ ಎಂದದ್ದು ಸುಳ್ಳು ಕಣೇ. ಒಂದು ವರ್ಷದಿಂದ ನನ್ನ ಮೂಗಿಗೆ ಏನೂ ತಿಳಿಯುತ್ತಿಲ್ಲ. ನೀನು ಗಾಬರಿಯಾಗುತ್ತೀಯ ಎಂದು ಬಾಯಿ ಮುಚ್ಚಿಕೊಂಡಿದ್ದೆ. ನಿನ್ನ ಅಡುಗೆ ಘಮ್ ಎನ್ನುತ್ತಿದೆ ಎಂದದ್ದೆಲ್ಲ ಅಂದಾಜಿನ ಮೇಲೆ. ಮೊನ್ನೆ ಹಾಲು ಸೀದು ಪಾತ್ರೆ ಕರಕಲಾದಾಗ ಪಕ್ಕದ ಮನೆ ಟೈಲರಮ್ಮ ಓಡಿಬಂದು ಒಲೆ ಆರಿಸಿದರು. ನಾನು ಅಲ್ಲೇ ಬಾಗಿಲ ಬಳಿ ಕೂತಿದ್ದೆ. ಹೆದರಿಕೆಯಾಯಿತು. ಡಾಕ್ಟರಿಗೆ ತೋರಿಸುತ್ತೇನೆ, ನೀನು ಬಂದ ಮೇಲೆ, ನಿನ್ನ ಜೊತೆ. ಮಗಳಿಗೆ ಈಗಲೇ ಹೇಳಬೇಡ. ಆಸ್ಪತ್ರೆಯಲ್ಲಿ ಮಗುವಿನ ನೆತ್ತಿ ಮೂಸಿ ನೀವೆಲ್ಲ "ಆಹಾ" ಎಂದಾಗ ನಾನೂ ಬಗ್ಗಿ "ಆಹಾ" ಎಂದೆ. ತುಂಡುಗಳ ವಿಷಯ ಬರೆಯುವಾಗ, ಆ ನೆತ್ತಿಯದು ಎಂಥ ವಾಸನೆ ಎಂದೂ ಎರಡು ಸಾಲು ಬರಿ.