ಕೀಳದೆ ಬಿಟ್ಟ ಈರುಳ್ಳಿ

ಅತ್ತೆ,

ನಿನಗೆ ಓದಲು ಬರುತ್ತದೆ ಎನ್ನುವುದು ಮನೆಯಲ್ಲಿ ನನ್ನೊಬ್ಬಳಿಗೇ ಗೊತ್ತಿತ್ತು. ಅಪ್ಪ ಓದಿ ಬಿಸಾಡಿದ ಪೇಪರನ್ನು ಅಕ್ಕಿ ಆರಿಸುವ ನೆಪದಲ್ಲಿ ನೆಲಕ್ಕೆ ಹಾಸಿ, ಅಕ್ಕಿಯನ್ನು ಪಕ್ಕಕ್ಕೆ ಸರಿಸಿ ಸರಿಸಿ ಓದುತ್ತಿದ್ದೆಯಲ್ಲ, ನಾನು ನೋಡಿದ್ದೆ. ಅದಕ್ಕೇ ಈ ಕಾಗದ. ಮಾಸ್ತಿಕಟ್ಟೆಯ ಪ್ರಾಜೆಕ್ಟ್ ಕಾಲೋನಿಯಿಂದ ಬರೆಯುತ್ತಿದ್ದೇನೆ. ನನಗೆ ಮದುವೆಯಾಗಿದೆ. ನನ್ನ ಗಂಡನನ್ನು ನೀನು ನೋಡಿಲ್ಲ, ವರಾಹಿ ಯೋಜನೆಯ ಸುರಂಗದಲ್ಲಿ ಸೂಪರ್‌ವೈಸರ್. ನಾನು ಇಲ್ಲಿನ ಶಾಲೆಯಲ್ಲಿ ಮಕ್ಕಳಿಗೆ ವಿಜ್ಞಾನ ಹೇಳಿಕೊಡುತ್ತೇನೆ. ವಿಜ್ಞಾನ! ನಗಬೇಡ, ನಗುವ ಕಾರಣ ಮುಂದೆ ಬರುತ್ತದೆ.

ನೀನು ಜೋಗದ ಕ್ವಾರ್ಟರ್ಸಿಗೆ ಬಂದ ದಿನ ನನಗೆ ಚೆನ್ನಾಗಿ ನೆನಪಿದೆ. ನಿನ್ನ ಗಂಡನ ಮನೆ ಹಿಸ್ಸೆಯಾಗಿ, ಹಿಸ್ಸೆಯಲ್ಲಿ ನೀನು ಯಾರ ಪಾಲಿಗೂ ಬರದೆ, ಕೊನೆಗೆ ಅಪ್ಪನೇ ಹೋಗಿ ಕರೆದುಕೊಂಡು ಬಂದಿದ್ದ. ಬೋಳಿಸಿದ ತಲೆ, ಕೆಂಪು ಸೀರೆ, ಒಂದು ತಗಡಿನ ಟ್ರಂಕು. ಹದಿನೇಳಕ್ಕೆ ಗಂಡನನ್ನು ಕಳೆದುಕೊಂಡವಳು ಐವತ್ತು ದಾಟಿ ತಮ್ಮನ ಮನೆಗೆ ಬಂದಿದ್ದೆ. ಅಪ್ಪ ಪವರ್‌ಹೌಸಿನಲ್ಲಿ ಆಪರೇಟರ್. ಕ್ಯಾಂಟೀನಿನಲ್ಲಿ ಉಂಡು ಉಂಡು ಈರುಳ್ಳಿಯ ರುಚಿ ಹತ್ತಿಸಿಕೊಂಡಿದ್ದ. ಅಮ್ಮ ಹಿಂದಿನ ಜಗಲಿಯಲ್ಲಿ, ಬೇರೆ ಬಾಣಲೆಯಲ್ಲಿ ಹುಳಿಗೆ ಈರುಳ್ಳಿ ಹಾಕುವಳು. ನೀನು ಒಳಗೆ ನಿನ್ನದೇ ಒಲೆಯಲ್ಲಿ ನಿನ್ನದೇ ಅನ್ನ ಬೇಯಿಸಿಕೊಳ್ಳುವೆ. ಎರಡು ಒಲೆಗಳ ನಡುವೆ ಒಂದು ಗೋಡೆ. ವಾಸನೆಗೆ ಗೋಡೆ ಎಲ್ಲಿದೆ?

ಪಕ್ಕದ ಕ್ವಾರ್ಟರ್ಸಿನ ಗಂಗಮ್ಮನ ಹಿತ್ತಲನ್ನು ತಂತಿಬೇಲಿಯ ಈಚೆಯಿಂದ ನೀನು ಎಷ್ಟು ದಿನ ನೋಡಿದೆಯೋ. ದಾವಣಗೆರೆ ಕಡೆಯವಳು, ಗಂಡ ಫಿಟ್ಟರ್. ಊರಿಂದ ಬೀಜ ತಂದು ನಾಲ್ಕು ಪಾತಿ ಈರುಳ್ಳಿ ಹಾಕಿದ್ದಳು. ಒಂದು ದಿನ ನೀನು ಬೇಲಿಯ ಹತ್ತಿರ ಹೋಗಿ ಒಂದು ಮುಷ್ಟಿ ಬೀಜ ಕೇಳಿದೆ. ಅಮ್ಮ ಬಾಯಿ ಮೇಲೆ ಕೈ ಇಟ್ಟುಕೊಂಡಳು. ತಮ್ಮ ತಿನ್ನುತ್ತಾನೆ, ಪೇಟೆಯಿಂದ ತರುವುದಕ್ಕಿಂತ ಹಿತ್ತಲಲ್ಲಿ ಬೆಳೆದದ್ದು ತಿನ್ನಲಿ ಎಂದೆ, ಅಷ್ಟೆ. ಆ ಮಾತಿಗೆ ಯಾರೂ ಎದುರಾಡುವಂತಿರಲಿಲ್ಲ.

ಮೊದಲ ವರ್ಷದ ನಿನ್ನ ಬೆಳೆ ನೆನಪಿದೆಯೇ? ಅಡಿಕೆ ಸಸಿಗೆ ಮಾಡುವ ಆರೈಕೆಯನ್ನೆಲ್ಲ ಈರುಳ್ಳಿಗೆ ಮಾಡಿದೆ. ಸೊಪ್ಪಿನ ಗೊಬ್ಬರ, ಸಗಣಿ, ಮೇಲೆ ಒಣಗಿದ ಎಲೆಯ ದರಗಿನ ಹೊದಿಕೆ, ಬೆಳಿಗ್ಗೆ ಸಂಜೆ ಕೊಡಪಾನದಲ್ಲಿ ನೀರು. ಮೊಳಕಾಲೆತ್ತರ ಸೊಪ್ಪು ಬಂತು. ಕಿತ್ತು ನೋಡಿದರೆ ಬುಡದಲ್ಲಿ ಹುಣಸೆಬೀಜದಷ್ಟು ಗಡ್ಡೆ. ಗಂಗಮ್ಮ ಸೊಂಟದ ಮೇಲೆ ಕೈಯಿಟ್ಟು ನಕ್ಕುಬಿಟ್ಟಳು. "ಇದು ಮಳಿನಾಡಿನ ಗಿಡ ಅಲ್ರೀ ಅಮ್ಮಾ. ಸೊಪ್ಪು ಬಾಗಿ ಬಿತ್ತಂದ್ರ ನೀರು ಬಂದ್ ಮಾಡ್ಬೇಕು. ಒಣಗಿಸಿದ್ರನ ಗಡ್ಡಿ." ನೀನು ಅದನ್ನು ಮಂತ್ರದ ಹಾಗೆ ಕಲಿತೆ. ಮರುವರ್ಷ ಮಳೆ ನಿಂತ ಮೇಲೆ ಏರುಪಾತಿ, ಬಚ್ಚಲೊಲೆಯ ಬೂದಿ, ಮಿತವಾಗಿ ನೀರು. ನಿಂಬೆಹಣ್ಣಿನ ಗಾತ್ರದ, ಕೆಂಪು ಸಿಪ್ಪೆಯ ಗಡ್ಡೆಗಳು ಬಂದವು. ಅಪ್ಪ ಅದನ್ನು ಪವರ್‌ಹೌಸಿಗೂ ಒಯ್ದು ನಾಲ್ಕು ಜನರಿಗೆ ತೋರಿಸಿದ್ದ.

ಆದರೆ ಕೀಳುವ ಕೆಲಸ ಮಾತ್ರ ನನ್ನದು. ಅದು ನೀನೇ ಮಾಡಿಕೊಂಡ ಕಾನೂನು, ಯಾವ ಶಾಸ್ತ್ರದಲ್ಲೂ ಇರಲಿಕ್ಕಿಲ್ಲ. "ಮಣ್ಣಲ್ಲಿ ಇಪ್ಪಲ್ಲಿವರೆಗೆ ಅದು ಗಿಡ, ಕೂಸೇ. ಮೇಲೆ ಬಂದ್ಮೇಲೆ ನಿಂಗ್ಳದ್ದು." ಮಾರುದ್ದ ದೂರದಲ್ಲಿ ನಿಂತು ಕೋಲಿನಲ್ಲಿ ತೋರಿಸುವೆ, ನಾನು ಕಿತ್ತು ಸಾಲಾಗಿ ಮಲಗಿಸಬೇಕು. ಕಿತ್ತ ಕೂಡಲೇ ಏಳುವ ಆ ಘಾಟಿಗೆ ನಿನ್ನ ಮೂಗಿನ ಹೊಳ್ಳೆ ಅರಳುವುದನ್ನು ನಾನು ಕಂಡಿದ್ದೇನೆ. ಆಗೆಲ್ಲ ನಾನು ಸಾಗರದ ಕಾಲೇಜಿಗೆ ಬಸ್ಸಿನಲ್ಲಿ ಹೋಗಿ ಬರುವ ಬಿ.ಎಸ್ಸಿ. ಹುಡುಗಿ, ಬಾಯಿಗೆ ಬೀಗವಿಲ್ಲ. ಗಡ್ಡೆಯನ್ನು ನಿನ್ನ ಕಡೆಗೆ ಚಾಚಿ, ಒಂದು ತಿಂದುಬಿಡು ಅತ್ತೆ, ಏನಾಗುತ್ತದೆ ನೋಡೋಣ ಎಂದು ಕಾಡುತ್ತಿದ್ದೆ. "ಎಂತ ಆಗ್ತು ಹೇಳಿ ತಿಂದವ್ಕೇ ಗೊತ್ತಿದ್ದು" ಎನ್ನುತ್ತಿದ್ದೆ ನೀನು. ತಮಾಷೆ ಎಂದುಕೊಂಡಿದ್ದೆ.

ಎಮರ್ಜೆನ್ಸಿ ಮುಗಿದ ಮರುವರ್ಷ, ಮಾಘದಲ್ಲಿ ನೀನು ಮಲಗಿದೆ. ಹೊಟ್ಟೆಯ ಗಂಟು. ಡಾಕ್ಟರು ಅಪ್ಪನನ್ನು ಹೊರಗೆ ಕರೆದು, ಮನೆಗೇ ಒಯ್ಯಿರಿ, ಏನು ಕೇಳಿದರೂ ಕೊಡಿ ಎಂದಿದ್ದರು. ನೀನು ಏನನ್ನೂ ಕೇಳುತ್ತಿರಲಿಲ್ಲ. ಗಂಜಿ ಬಾಯಿಗೆ ಹಾಕಿದರೆ ಮಣ್ಣು ತಿಂದ ಹಾಗೆ ಆಗುತ್ತದೆ ಎನ್ನುತ್ತಿದ್ದೆ. ದಿನಕ್ಕೆ ಎರಡು ಸಲ ಒಂದೇ ವಿಚಾರಣೆ. ಸೊಪ್ಪು ಬಾಗಿತೇ, ಯಾರಾದರೂ ತಿಳಿಯದೆ ನೀರು ಹಾಕಿದರೇ. ಸೊಪ್ಪು ಬಾಗಿತ್ತು. ನೀರು ನಿಲ್ಲಿಸಿದ್ದೆವು. ಕೀಳಲು ನೀನು ಹೇಳಬೇಕಿತ್ತು, ಕೋಲು ಹಿಡಿದು ನಿಲ್ಲಬೇಕಿತ್ತು.

ಆ ಮಧ್ಯಾಹ್ನ ಅಮ್ಮ ರೇಷನ್ ಅಂಗಡಿಗೆ ಹೋಗಿದ್ದಳು. ಅಪ್ಪ ಶಿಫ್ಟಿನಲ್ಲಿದ್ದ. ನೀನು ನನ್ನ ಕೈ ಹಿಡಿದು, "ಕೂಸೇ, ಒಂದು ಗಡ್ಡೆ ಕಿತ್ಕಂಡು ಬಾ. ಕೆಂಡದಲ್ಲಿ ಸುಟ್ಟು ಒಂದು ಚೂರು ಕೊಡು" ಎಂದೆ. ಜ್ವರದ ಬಡಬಡಿಕೆ ಎಂದು ನಾನು ನಕ್ಕೆ. ಆಗ ನೀನು ಹೇಳಿದ್ದು, ಅಷ್ಟು ವರ್ಷ ಯಾರಿಗೂ ಹೇಳದ್ದು. "ಆನು ಒಂದೇ ಸಲ ತಿಂದಿದ್ದಿ. ಅವು ಸಾಗರದ ಪ್ಯಾಟೆಯಿಂದ ಬಾಳೆಎಲೆಲಿ ಕಟ್ಟಿ ತಂದ್ಕೊಟ್ಟಿದ್ದ. ಹುಲ್ಲಿನ ಬಣವೆ ಹಿಂದೆ ನಿಂತ್ಕಂಡು ಇಬ್ರೂ ತಿಂದ್ಯ." ಅವು ಎಂದರೆ ಮಾವ, ನಿನ್ನ ಗಂಡ. ಮದುವೆಯಾಗಿ ನಾಲ್ಕು ತಿಂಗಳಾಗಿತ್ತಂತೆ. ಎಣ್ಣೆಯಲ್ಲಿ ಕರಿದ ಈರುಳ್ಳಿ ಬಜ್ಜಿ. ಆ ಮಳೆಗಾಲದಲ್ಲೇ ಮಾವ ವಿಷಮಜ್ವರಕ್ಕೆ ಹೋಗಿಬಿಟ್ಟ. ತಿಂದದ್ದರಿಂದಲೇ ಹೋದ ಎಂದು ನೀನು ಮೂವತ್ತೈದು ವರ್ಷಕ್ಕೂ ಹೆಚ್ಚು ನಂಬಿದ್ದೆ. ನಂಬಿದವಳು ಮತ್ತೆ ಅದನ್ನೇ ಯಾಕೆ ಬೆಳೆದೆ? ದಿನಾ ಅದರ ಬುಡ ಕೆದಕುತ್ತ ಏನು ಯೋಚಿಸುತ್ತಿದ್ದೆ? ಕೇಳಲಿಲ್ಲ, ಈಗ ಕೇಳುತ್ತಿದ್ದೇನೆ. ನೀನು ಹೇಳಿದ್ದು ಇಷ್ಟೇ: "ಈಗ ಎಂತ ಆಗ್ತು? ಆಗೋದೆಲ್ಲ ಆಗಿ ಹೋಯ್ದು. ಕೊಡ್ತ್ಯ?"

ಹಿತ್ತಲು ಹತ್ತು ಹೆಜ್ಜೆ. ಒಲೆಯಲ್ಲಿ ಕೆಂಡವಿತ್ತು. ಮನೆಯಲ್ಲಿ ಯಾರೂ ಇರಲಿಲ್ಲ. ವರ್ಷಗಟ್ಟಲೆ ತಿನ್ನು ತಿನ್ನು ಎಂದು ಕಾಡಿದವಳು ನಾನೇ. ಆದರೆ ನನಗೆ ಅಪ್ಪ ಕಣ್ಣ ಮುಂದೆ ಬಂದ. ಪವರ್‌ಹೌಸಿನ ಒಳಗೆ, ಅಷ್ಟು ದೊಡ್ಡ ಯಂತ್ರಗಳ ನಡುವೆ, ರಾತ್ರಿಯವರೆಗೆ ಡ್ಯೂಟಿ. ನೀನು ತಿಂದು, ಆಮೇಲೆ ಅಪ್ಪನಿಗೆ ಏನಾದರೂ... ಓಮ್‌ನ ನಿಯಮ ಬಾಯಿಪಾಠ ಹೇಳುವ ಹುಡುಗಿಯ ಬೆನ್ನಲ್ಲಿ ಚಳಿ ಓಡಿತು. ಹೆದರಿದೆ ಎಂದು ಹೇಳುವ ಧೈರ್ಯವೂ ಇರಲಿಲ್ಲ. ಅದಕ್ಕೆ ಒಳ್ಳೆಯವಳ ಹಾಗೆ ಮಾತಾಡಿದೆ. "ಬ್ಯಾಡ ಅತ್ತೆ. ಇಷ್ಟು ವರ್ಷ ನಿನ್ನ ನೇಮ ನಡೆಸ್ಕಂಡು ಬಂದಿದ್ದೆ, ಈಗ ಎಂತಕ್ಕೆ ಕೆಡಿಸ್ಕಳದು?"

"ಆತು ಬಿಡು" ಎಂದು ನೀನು ಗೋಡೆಯ ಕಡೆ ತಿರುಗಿದೆ. ನಾನು ನಿಂಬೆ ಉಪ್ಪಿನಕಾಯಿಯ ರಸ ತಂದು ನಾಲಿಗೆಗೆ ಹಚ್ಚಿದೆ. ನೀನು ಸೀರೆಯ ಸೆರಗಿನಲ್ಲಿ ಬಾಯಿ ಒರೆಸಿಕೊಂಡೆ. ನಾಲ್ಕನೆಯ ದಿನ ಹೋದೆ.

ಹತ್ತನೆಯ ದಿನ ಹೊಳೆಯ ದಂಡೆಯಲ್ಲಿ ಪಿಂಡ ಇಟ್ಟರು. ಜೋಗದಲ್ಲಿ ಕಾಗೆಗೆ ಬರವೇ? ಕ್ಯಾಂಟೀನಿನ ಹಿಂದೆ ದಿನಾ ನೂರು ಕಾಗೆ. ಅವತ್ತು ಮರದ ತುಂಬ ಕೂತಿದ್ದವು, ಒಂದೂ ಕೆಳಗಿಳಿಯಲಿಲ್ಲ. ಬಿಸಿಲು ಏರಿತು. ಹೋದವರಿಗೆ ಏನೋ ಆಸೆ ಉಳಿದಿರಬೇಕು, ನೆನೆದು ಮಾತು ಕೊಡಿ ಎಂದರು ಭಟ್ಟರು. ಅಪ್ಪ ಗಯೆಗೆ ಹೋಗುತ್ತೇನೆ ಎಂದ. ದೂರದಲ್ಲಿ ಹೆಂಗಸರ ಜೊತೆ ನಿಂತಿದ್ದ ಅಮ್ಮ ನಿನ್ನ ಹೆಸರಲ್ಲಿ ದೇವರಿಗೆ ಬೆಳ್ಳಿಯ ದೀಪ ಕೊಡುತ್ತೇನೆ ಎಂದಳು. ಕಾಗೆ ಅಲ್ಲಾಡಲಿಲ್ಲ. ಅಪ್ಪ ನನ್ನ ಹತ್ತಿರ ಬಂದು, ನೆಲ ನೋಡುತ್ತ, "ಅಕ್ಕ ನಿನ್ನ ಹತ್ರ ಎಂತಾದ್ರೂ ಹೇಳಿತ್ತನೇ ಕೂಸೇ?" ಎಂದು ಕೇಳಿದ.

"ಇಲ್ಲೆ" ಎಂದೆ.

ಭಟ್ಟರು ದರ್ಭೆಯಲ್ಲಿ ಕಾಗೆ ಮಾಡಿ ಪಿಂಡಕ್ಕೆ ಮುಟ್ಟಿಸಿದರು. ಹುಲ್ಲಿನ ಕಾಗೆ ತಿಂದಿತು ಎಂದು ಎಲ್ಲರೂ ಒಪ್ಪಿಕೊಂಡು ಮನೆಗೆ ಬಂದೆವು. ಕೊಡದೆ ಇದ್ದದ್ದಕ್ಕಿಂತ ಆ ಎರಡಕ್ಷರವೇ ನನ್ನನ್ನು ಹೆಚ್ಚು ತಿಂದಿದೆ. ಅಷ್ಟು ಜನರ ಮುಂದೆ, ಭಟ್ಟರ ಮುಂದೆ, ಬೋಳುತಲೆಯ ಅತ್ತೆ ಈರುಳ್ಳಿ ಬೇಡಿದ್ದಳು ಎಂದು ಹೇಳುವುದು ನಿನಗೆ ಅವಮಾನ ಎಂದುಕೊಂಡೆ. ನಿನ್ನ ಮಾನ ಕಾಪಾಡುವುದಕ್ಕೆ ನಾನು ಯಾರು? ಹಸಿದವಳು ನೀನು.

ಪಾತಿಯನ್ನು ಯಾರೂ ಕೀಳಲಿಲ್ಲ. ಸೂತಕ ಎಂದು ಮೊದಲು ಬಿಟ್ಟೆವು, ಆಮೇಲೆ ನನ್ನ ಕೈ ಏಳಲಿಲ್ಲ. ಕಾಲವಲ್ಲದ ಕಾಲದಲ್ಲಿ ಅಡ್ಡಮಳೆ ಹೊಡೆಯಿತು. ಒಣಗಿ ಕಾಯುತ್ತಿದ್ದ ಗಡ್ಡೆಗಳು ನೀರು ಕುಡಿದು ಕೊಳೆತವು. ವಾಸನೆ ಅಡಿಗೆಮನೆಯವರೆಗೆ, ನಿನ್ನ ಒಲೆ ಇದ್ದ ಮೂಲೆಯವರೆಗೆ ಬಂತು. ಅಪ್ಪ ಗುದ್ದಲಿಯಲ್ಲಿ ಅಗೆದು ಬುಟ್ಟಿ ಬುಟ್ಟಿ ಹಳ್ಳಕ್ಕೆ ಸುರಿದ. ಬೇಲಿಯ ಆಚೆ ಗಂಗಮ್ಮ ಅಳುತ್ತಿದ್ದಳು. ನಾನು ಅಳಲಿಲ್ಲ.

ಅತ್ತೆ, ಈ ಮಳೆಗಾಲದಲ್ಲಿ ಅಪ್ಪ ಹೋದ. ನಿವೃತ್ತಿಯಾದ ಮೇಲೆ ಅಪ್ಪ ಅಮ್ಮ ಸಾಗರದಲ್ಲಿ ಬಾಡಿಗೆ ಮನೆ ಮಾಡಿದ್ದರು. ರಾತ್ರಿ ಮಲಗಿದವನು ಬೆಳಿಗ್ಗೆ ಏಳಲಿಲ್ಲ. ಈಗ ತಲೆ ಬೋಳಿಸುವುದಿಲ್ಲ, ಕೆಂಪು ಸೀರೆ ಇಲ್ಲ. ಕಾಲ ಬದಲಾಗಿದೆ ಎಂದು ನೆಂಟರೆಲ್ಲ ಹೇಳಿದರು. ಹೇಳಿ, ಹೋಗುವಾಗ, ಈರುಳ್ಳಿಯೊಂದು ಬಿಟ್ಟುಬಿಡು ಸಾಕು ಎಂದು ಅಮ್ಮನಿಗೆ ಸೂಚಿಸಿ ಬಸ್ಸು ಹತ್ತಿದರು. ಹೋದ ಶನಿವಾರ ನಾನು ಸಾಗರಕ್ಕೆ ಹೋದಾಗ ಈರುಳ್ಳಿಯ ಬುಟ್ಟಿ ಪಕ್ಕದ ಮನೆಗೆ ಹೋಗಿಯಾಗಿತ್ತು. ನನಗೆ ಸಿಟ್ಟು ನೆತ್ತಿಗೇರಿತು. ಅಷ್ಟು ವರ್ಷ ನುಂಗಿಕೊಂಡದ್ದನ್ನೆಲ್ಲ ಅಮ್ಮನ ಮುಂದೆ ಹೇಳಿಬಿಟ್ಟೆ. ನೀನು ಕೇಳಿದ್ದು, ನಾನು ಬೇಡ ಎಂದದ್ದು, ಹೊಳೆಯ ದಂಡೆಯಲ್ಲಿ ಸುಳ್ಳು ಹೇಳಿದ್ದು.

ಅಮ್ಮ ತೊಗರಿಬೇಳೆಯಲ್ಲಿ ಕಲ್ಲು ಆರಿಸುತ್ತಿದ್ದಳು. ತಲೆ ಎತ್ತಲಿಲ್ಲ. "ಎನ್ನ ಹತ್ರನೂ ಕೇಳಿತ್ತು" ಎಂದಳು. "ನಿನ್ನ ಕೇಳಿದ ಮಾರನೇ ದಿನ ಆಗಿರವು. ಆನೂ ಕೊಟ್ಟಿದ್ದಿಲ್ಲೆ. ನಿನ್ನ ಅಪ್ಪಯ್ಯ ಡ್ಯೂಟಿಲಿ ಇದ್ದಿದ್ದ. ಬಣವೆ ಹಿಂದಿನ ಕಥೆ ಕೇಳಿ ಹೆದ್ರಿಕೆ ಆತು."

ಹಾಗಾದರೆ ಬಣವೆಯ ಹಿಂದಿನ ಕಥೆಯನ್ನು ನೀನು ಎರಡು ಸಲ ಹೇಳಿದ್ದೆ. ಎರಡು ಸಲ ಗೋಡೆಯ ಕಡೆ ತಿರುಗಿದ್ದೆ. ಹೊಳೆಯ ದಂಡೆಯಲ್ಲಿ ಅಮ್ಮ, ನಾನು, ಇಬ್ಬರೂ ಕಾಗೆ ಯಾಕೆ ಇಳಿಯುತ್ತಿಲ್ಲ ಎಂದು ಗೊತ್ತಿದ್ದೇ ಅಕ್ಕಪಕ್ಕ ನಿಂತಿದ್ದೆವು. ಮತ್ತೆ ಅಪ್ಪ? ನೆಲ ನೋಡುತ್ತ ನನ್ನನ್ನು ಕೇಳಿದನಲ್ಲ, ಅವನನ್ನೂ ನೀನು... ಬೇಡ, ಅದಕ್ಕೆ ಉತ್ತರ ಹೇಳಬೇಡ.

ನಾನು ಪಕ್ಕದ ಮನೆಗೆ ಹೋಗಿ ಬುಟ್ಟಿ ವಾಪಸು ತಂದೆ. ಬಚ್ಚಲೊಲೆಯ ಕೆಂಡದಲ್ಲಿ ಒಂದು ಗಡ್ಡೆ ಹೂತಿಟ್ಟೆ. ಸುಟ್ಟ ಸಿಪ್ಪೆ ಸುಲಿದು, ಉಪ್ಪು ಸವರಿ, ಅರ್ಧ ಮಾಡಿ ಅಮ್ಮನ ತಟ್ಟೆಗೆ ಹಾಕಿದೆ. ಅಮ್ಮ ತಟ್ಟೆಯನ್ನು ಸ್ವಲ್ಪ ಪಕ್ಕಕ್ಕೆ ಸರಿಸಿದಳು. ಆಮೇಲೆ ಮೆಲ್ಲಗೆ ಕೇಳಿದಳು, ಅಳಿಯನಿಗೆ ಇವತ್ತು ಸುರಂಗದಲ್ಲಿ ಡ್ಯೂಟಿ ಇದೆಯಾ ಎಂದು.

ಇತ್ತು ಅತ್ತೆ. ಆ ವಾರ ಬಂಡೆಗೆ ಸಿಡಿಮದ್ದು ಇಡುವ ಕೆಲಸ. ಅದೇ ಚಳಿ ಅದೇ ಬೆನ್ನಲ್ಲಿ ಓಡಿತು. "ಇದ್ದು. ತಿನ್ನು" ಎಂದೆ. ಅಮ್ಮ ತಿಂದಳು. ಉಳಿದರ್ಧ ನಾನು ತಿಂದೆ.

ಭಾನುವಾರ ಮೊದಲ ಬಸ್ಸಿಗೆ ಮಾಸ್ತಿಕಟ್ಟೆಗೆ ಬಂದರೆ ನನ್ನವರು ಶಿಫ್ಟು ಮುಗಿಸಿ ಇನ್ನೂ ಬಂದಿರಲಿಲ್ಲ, ಗೇಟಿನ ಹತ್ತಿರ ನಿಂತು ರಸ್ತೆ ಕಾದೆ. ನೀನೂ ಹೀಗೇ ಕಾದಿದ್ದೆಯೇನೋ, ಆ ಮಳೆಗಾಲದಲ್ಲಿ. ಸಂಜೆ ಪ್ರಾಜೆಕ್ಟಿನ ಲಾರಿ ಬಂತು. ಅವರು ಇಳಿದರು. ಬೂಟಿನ ಕೆಸರು ಕೆರೆದು, ಸ್ನಾನ ಮಾಡಿ, ಎರಡು ಸಲ ಸಾರು ಹಾಕಿಸಿಕೊಂಡು ಉಂಡು ಮಲಗಿದರು.

ಏನೂ ಆಗಲಿಲ್ಲ ಅತ್ತೆ.