ಗಿರಣಿ ಕಂಠೆಪ್ಪಣ್ಣನಿಗೆ ಆರು ರೊಟ್ಟಿ

ಗಿರಣಿಯ ಕಂಠೆಪ್ಪಣ್ಣನಿಗೆ, ಗೋವಾದ ಫೋಂಡಾದಿಂದ ಲಕ್ಷ್ಮವ್ವ ಕೈಮುಗಿದು ಬರೆಯುವುದು.

ಯಾವ ಲಕ್ಷ್ಮವ್ವ ಎಂದು ತಲೆ ಕೆರೆದುಕೊಳ್ಳಬೇಡ. ಊರ ಅಗಸಿ ಬಾಗಿಲ ಪಕ್ಕದ ಮನೆಯವಳು, ಜೋಳದ ಡಬ್ಬಿ ಹೊತ್ತು ನಿನ್ನ ಗಿರಣಿಗೆ ಬರುತ್ತಿದ್ದವಳು, ನೀನೇ ‘ಕಟಕಟಿ’ ಎಂದು ಹೆಸರಿಟ್ಟವಳು. ಈಗ ನೆನಪಾಗಿರಬೇಕು. ಇದನ್ನು ನಿನಗೆ ಓದಿ ಹೇಳುತ್ತಿರುವವನು ನಮ್ಮೂರ ಮುತ್ತು. ಇಲ್ಲಿ ನನ್ನ ಮಗ ಮಲಕಪ್ಪನ ಜೊತೆ ಕಟ್ಟಡ ಕಟ್ಟುವ ಗೌಂಡಿ ಕೆಲಸ ಮಾಡುತ್ತಾನೆ, ಈಗ ರಜೆಗೆ ಊರಿಗೆ ಬಂದಿದ್ದಾನೆ. ಮುತ್ತು, ಮುಂದೆ ಬೈಗುಳ ಬರುತ್ತವೆ. ನುಂಗಬೇಡಪ್ಪಾ, ಜೋರಾಗಿ ಓದು.

ಮೂರನೇ ಇಯತ್ತೆ ಕಲಿತವಳ ಅಕ್ಷರ ಇದು. ಅದರಲ್ಲೂ ಕಣ್ಣಿಲ್ಲದೆ ಬರೆದ ಅಕ್ಷರ. ಹೌದು ಅಣ್ಣಾ, ಈಗ ನನಗೂ ಕಣ್ಣಿಲ್ಲ. ಸಕ್ಕರೆ ಕಾಯಿಲೆ ಒಳಗೊಳಗೇ ತಿಂದುಹಾಕಿತು. ದೊಡ್ಡ ಆಸ್ಪತ್ರೆಗೆ ಹೋಗುವ ಹೊತ್ತಿಗೆ ತಡವಾಗಿತ್ತು. ಬಿಸಿಲು ಎಲ್ಲಿದೆ, ನೆರಳು ಎಲ್ಲಿದೆ ಅಷ್ಟು ತಿಳಿಯುತ್ತದೆ, ಮಿಕ್ಕಿದ್ದೆಲ್ಲ ಹೋಯಿತು. ಮೊಮ್ಮಗಳು ಗೀತಾಂಜಲಿಯಿಂದ ಬರೆಸೋಣವೆಂದರೆ ಅವಳಿಗೆ ಇಂಗ್ಲಿಷು, ಕೊಂಕಣಿ, ಹಿಂದಿ ಎಲ್ಲಾ ಬರೆಯಲು ಬರುತ್ತದೆ, ಕನ್ನಡ ಮಾತ್ರ ಬಾಯಲ್ಲೇ. ಅದಕ್ಕೇ ಚಪ್ಪಲಿ ಡಬ್ಬಿಯ ರಟ್ಟಿನಲ್ಲಿ ಸಾಲುಸಾಲಾಗಿ ಕಿಂಡಿ ಕತ್ತರಿಸಿ ಕೊಟ್ಟಿದ್ದಾಳೆ. ಆ ಕಿಂಡಿಯೊಳಗೇ ಪೆನ್ನು ಆಡಿಸುತ್ತಾ ಬರೆಯುತ್ತಿದ್ದೇನೆ. ಅಕ್ಷರ ಸೊಟ್ಟಗಿದ್ದರೆ ಮುತ್ತು ನಗಲಿ, ನಿನಗಂತೂ ಕಾಣುವುದಿಲ್ಲ.

ನನಗಾಗ ಒಂಬತ್ತು ವರ್ಷ, ನಿನಗೆ ಇಪ್ಪತ್ತೋ ಇಪ್ಪತ್ತೊಂದೋ. ಸಿಡುಬು ಎರಡೂ ಕಣ್ಣು ತೆಗೆದುಕೊಂಡು ಹೋದ ಮನುಷ್ಯ, ಆ ಹಾಳು ಎಂಜಿನ್ನಿನ ಪಟ್ಟಾ ಗಿರಗಿರ ತಿರುಗುವಾಗ ಅದರ ಮಗ್ಗುಲಲ್ಲೇ ಓಡಾಡುತ್ತಿದ್ದೆ. ಒಮ್ಮೆಯೂ ಅಂಗಿಯ ತುದಿ ಸಿಕ್ಕಿಸಿಕೊಂಡವನಲ್ಲ. ಕಲ್ಲಿನ ಸದ್ದು ಒಂಚೂರು ಬದಲಾದರೆ ಸಾಕು, ಕಾಳು ಮುಗಿಯಿತೆಂದು ಕೈ ತಾನಾಗಿ ಮುಂದಿನ ಡಬ್ಬಿಗೆ ಹೋಗುತ್ತಿತ್ತು. ಬೀಳುವ ಹಿಟ್ಟನ್ನು ಹೆಬ್ಬೆರಳು ತೋರುಬೆರಳಿನ ನಡುವೆ ತಿಕ್ಕಿ, ನಾಲಿಗೆ ತುದಿಗೆ ಮುಟ್ಟಿಸಿ, “ಇನ್ನೊಂದೀಟು ಸಣ್ಣ ಆಗ್ಬೇಕು” ಎಂದು ಕಲ್ಲು ಬಿಗಿ ಮಾಡುತ್ತಿದ್ದೆ. ನನ್ನ ಗೆಳತಿಯರಿಗೆಲ್ಲ ಬಯಲಾಟದಲ್ಲಿ ಕಿರೀಟ ಇಟ್ಟುಕೊಂಡು ಕುಣಿಯುವ ರಾಜ ದೊಡ್ಡವನು. ನನಗೆ ದೊಡ್ಡವನು ನೀನು, ರೆಪ್ಪೆಗೆಲ್ಲ ಹಿಟ್ಟು ಮೆತ್ತಿಕೊಂಡ ನೀನು.

ಆದರೂ ನಾನೇ ನಿನಗೆ ಮೋಸ ಮಾಡಲು ನೋಡಿದೆನಲ್ಲ. ಗೌಡರ ಮನೆಯ ಬಿಳಿ ಜೋಳದ ಡಬ್ಬಿ ನಮ್ಮದರ ಪಕ್ಕದಲ್ಲೇ ಇತ್ತು. ಮೇಲಿನ ಅರಿವೆ ಅದಲುಬದಲು ಮಾಡಿ, ಅವರದನ್ನು ನಮ್ಮದೆಂದು ನಿನ್ನ ಮುಂದೆ ಸರಿಸಿದೆ. ನೀನು ಕೈಹಾಕಿ ಒಂದು ಹಿಡಿ ಎತ್ತಿ ಮೂಗಿಗೆ ಹಿಡಿದೆ. “ಇದು ನೆಲದಾಗ ಹಗೇವಿನಾಗ ಇಟ್ಟ ಜ್ವಾಳ, ಮುಗ್ಗಲ ವಾಸನಿ ಬರ್ತೈತಿ. ನಿಮ್ಮ ಮನ್ಯಾಗ ಹಗೇವು ಎಲ್ಲೈತಿ? ನಿಮ್ಮದು ಚೀಲದ ಜ್ವಾಳ. ನಿನ್ನಂಗ ಕಟಕಟ ಅಂತೈತಿ” ಎಂದೆ. ಸುತ್ತಲಿದ್ದ ಹೆಂಗಸರು ನಕ್ಕರು. ಸಿಕ್ಕಿಬಿದ್ದ ಸಿಟ್ಟಿಗೆ ನಾನು ಬಾಗಿಲತನಕ ಓಡಿ, ತಿರುಗಿ ನಿಂತು, “ಕುರುಡ ಕಂಠ್ಯಾ!” ಎಂದು ಕೂಗಿದೆ. ಅದೇ ಹೊತ್ತಿಗೆ ಎಂಜಿನ್ ನಿಂತಿತ್ತು. ಓಣಿಗೆಲ್ಲ ಕೇಳಿತು.

ನೀನು ಸಿಟ್ಟಾಗಲಿಲ್ಲ. “ಹೌದವ್ವಾ, ಕುರುಡನ ಅದೀನಿ. ಆದ್ರ ನಿಮ್ಮವ್ವ ನಿನ್ನ ಕಳಿಸಿದ್ದು ಕುರುಡನ ಕಡೆ ಅಲ್ಲ, ಗಿರಣಿ ಕಂಠೆಪ್ಪನ ಕಡೆ. ಬಾ, ಡಬ್ಬಿ ಹಿಡಿ” ಎಂದೆ, ಅಷ್ಟೇ. ಬಿಸಿ ಹಿಟ್ಟು ತಲೆಯ ಮೇಲೆ ಹೊತ್ತು ದಾರಿಯುದ್ದಕ್ಕೂ ಅತ್ತಿದ್ದೇನೆ. ತಪ್ಪಾಯಿತೆಂದು ಮಾತ್ರ ಇವತ್ತಿನವರೆಗೂ ಹೇಳಿಲ್ಲ. ಹೇಳುವ ಬಾಯಿ ನನ್ನದಲ್ಲ, ನಿನಗೇ ಗೊತ್ತು.

ಇಲ್ಲಿಯ ಮಾತು ಕೇಳು. ನಾನೂ ಸೊಸೆ ಜಯಶ್ರೀಯೂ ಕಡಕ್ ರೊಟ್ಟಿ ಮಾಡಿ ನಮ್ಮ ಕಡೆಯಿಂದ ದುಡಿಯಲು ಬಂದವರಿಗೆ ಕೊಡುತ್ತೇವೆ. ಸೋಮವಾರ ಸೋಮವಾರ ಪರ್ವೇಜನ ಗ್ಯಾಂಗಿಗೆ ರೊಟ್ಟಿಯ ಗಂಟು ಹೋಗಬೇಕು. ಪರ್ವೇಜ ಅಂದರೆ ಕಟ್ಟಡ ಕೆಲಸದ ಮುಕಾದಮ. ಕಣ್ಣು ಹೋದ ಮೇಲೂ ನಾನು ಬಡಿಯುತ್ತೇನೆಂದು ಹಟ ಹಿಡಿದು ಕೂತೆ. ಆವತ್ತು ರೊಟ್ಟಿಯ ಅಂಚೆಲ್ಲ ಸೀಳಿತು, ಎತ್ತುವಾಗ ಕೈಯಲ್ಲೇ ಮುರಿಯಿತು. ಹಂಚಿನ ಮೇಲೆ ಬಿದ್ದ ಚೂರು ಹುಡುಕಲು ಹೋಗಿ ಎರಡು ಬೆರಳು ಸುಟ್ಟುಕೊಂಡೆ. ಜಯಶ್ರೀ ಕಿರುಚಿದಳು. ಮಲಕಪ್ಪ ಬಂದವನೇ ಒಲೆ ಆರಿಸಿ, ನನ್ನ ಹಂಚನ್ನು ಅಟ್ಟದ ಮೇಲೆ ಎಸೆದ. “ಸಾಕ್ ಬೇ ಯವ್ವಾ. ಇನ್ನ ಕುಂತು ಉಣ್ಣು” ಎಂದ.

ಕುಂತು ಉಣ್ಣುವುದು ಎಂದರೆ ಏನು ಗೊತ್ತೇ ಅಣ್ಣಾ? ಬೆಳಿಗ್ಗೆ ಮೆತ್ತನೆ ಬ್ರೆಡ್ಡು ಮಾರುವ ಪಾವಿನವನು ಸೈಕಲ್ಲಿನ ಹಾರ್ನು ಪೋಂ ಪೋಂ ಒತ್ತುತ್ತಾ ಬರುತ್ತಾನೆ. ಆ ಪಾವನ್ನು ಚಹಾದಲ್ಲಿ ಅದ್ದಿ ಕೂಸಿಗೆ ಕೊಟ್ಟ ಹಾಗೆ ಕೊಡುತ್ತಾರೆ. ಬಾಯಿ ತುಂಬ ಹಲ್ಲಿರುವವಳಿಗೆ ಪಾವು! ಹನ್ನೊಂದು ದಿನ ತಿಂದೆ. ನನ್ನ ಕೈ ನನ್ನ ಮಡಿಲಲ್ಲೇ ಬೇರೆ ಯಾರದೋ ಕೈಯಂತೆ ಬಿದ್ದಿರುತ್ತಿತ್ತು.

ಹನ್ನೆರಡನೆಯ ದಿನ ಜಯಶ್ರೀ ರೊಟ್ಟಿ ಬಡಿಯುತ್ತಿದ್ದಳು. ಬಡಿಯುವ ಸದ್ದು ಕೇಳುತ್ತಾ ಕೂತಿದ್ದೆ. ಸದ್ದು ನಿಲ್ಲುವುದು, ಅವಳು “ಥೂ” ಎನ್ನುವುದು, ಮತ್ತೆ ನಾದುವುದು. ಮೂರು ಸಲ ಹಾಗಾಯಿತು. ಎರಡು ಒಳ್ಳೆಯ ಕಣ್ಣಿರುವವಳ ರೊಟ್ಟಿಯೂ ಸೀಳುತ್ತಿದೆಯಲ್ಲ! ಆಗ ನಿನ್ನ ಎರಡು ಬೆರಳು ನೆನಪಾದವು. ಗೋಡೆ ಹಿಡಿದು ಹೋಗಿ ಹಿಟ್ಟಿನ ಡಬ್ಬಿಗೆ ಕೈಹಾಕಿದೆ. ತಿಕ್ಕಿದೆ. ಬೂದಿಯಂತೆ ಜಾರಿಹೋಯಿತು, ಜಿಗಿಯೇ ಇಲ್ಲ. ನಾಲಿಗೆಗೆ ಮುಟ್ಟಿಸಿದರೆ ಕಹಿ.

ತಪ್ಪು ನನ್ನದೇ ಇತ್ತು. ಫೋಂಡಾದ ಗಿರಣಿಯವನು ಅಕ್ಕಿ ಬೀಸಿದ ಕಲ್ಲಿಗೇ ನಮ್ಮ ಜೋಳ ಸುರಿಯುತ್ತಾನೆಂದು ಅವನ ಜೊತೆ ಜಗಳ ತೆಗೆದವಳು ನಾನು. ಅದಕ್ಕೇ ಮಲಕಪ್ಪ ಈ ಸಲ ಬೇಸಿಗೆಯಲ್ಲಿ ಊರಲ್ಲೇ ಬೀಸಿಸಿ ಹಿಟ್ಟನ್ನೇ ಹೊತ್ತು ತಂದಿದ್ದ. ಗೋವಾದ ಮಳೆಗಾಲದ ಥಂಡಿಗೆ ಡಬ್ಬಿಯಲ್ಲೇ ಅದರ ಜೀವ ಹೋಗಿತ್ತು. ಮೊದಲೇ ಬೆರಳಿಗೆ ಕೇಳಿದ್ದರೆ ಹೇಳುತ್ತಿತ್ತು. ನಾನು ಇಲ್ಲದ ಕಣ್ಣನ್ನೇ ಇನ್ನೂ ಹುಡುಕುತ್ತಿದ್ದೆ.

ಸಂಜೆ ಮಗ ಬಂದ ಕೂಡಲೇ ಒಂದು ಹಿಡಿ ಹಿಟ್ಟು ಅವನ ಅಂಗೈಗೆ ಹಾಕಿ, “ಹಾಳಾಗಿದ್ದು ನಿಮ್ಮವ್ವ ಅಲ್ಲೋ, ನೀ ತಂದ ಹಿಟ್ಟು! ಇಳಸು ನನ್ನ ಹಂಚು” ಎಂದೆ. ಅವನು ಕೈಯಲ್ಲಿದ್ದ ಹಿಟ್ಟು ಕೊಡವಿ, “ಆತು. ಶನಿವಾರ ಐವತ್ತು ರೊಟ್ಟಿ ಬಡಿ. ಒಂದ ರೊಟ್ಟಿ ಕರಕಾದ್ರೂ ಹಂಚು ಮತ್ತ ಅಟ್ಟಕ್ಕ” ಎಂದ. ನನ್ನ ಹೊಟ್ಟೆಯಲ್ಲಿ ಹುಟ್ಟಿದ್ದಲ್ಲವೇ, ನನ್ನ ನಾಲಿಗೆಯೇ ಬಂದಿದೆ.

ಅಂಗಡಿಯಿಂದ ಜೋಳ ತರಿಸಿ, ಗೀತಾಂಜಲಿಯ ಹೆಗಲು ಹಿಡಿದು ಫೋಂಡಾದ ಅದೇ ಗಿರಣಿಗೆ ಹೋದೆ. ಮೊದಲು ನಮ್ಮದೇ ಒಂದು ಬೊಗಸೆ ಜೋಳ ಹಾಕಿ ಕಲ್ಲಿನೊಳಗಿನ ಅಕ್ಕಿ ಹಿಟ್ಟು ಹೊರಗೆ ತೆಗೆಸಿದೆ, ಆಮೇಲೆ ಡಬ್ಬಿ ಸುರಿಸಿದೆ. ಜಗಳ ಮಾಡುವ ಬದಲು ಮೊದಲೇ ಇದನ್ನು ಮಾಡಬಹುದಿತ್ತು. ನಾಲ್ಕು ದಿನ ಕಲಿತೆ. ರೊಟ್ಟಿ ದಪ್ಪಗಿದ್ದಾಗ ದಪ್ಪ ಸದ್ದು, ತೆಳ್ಳಗಾದಂತೆ ಚಪ್ ಚಪ್ ಎಂದು ಹಗುರವಾಗುತ್ತದೆ. ಮೇಲೆ ಸವರಿದ ನೀರು ಆರುತ್ತಿದ್ದಂತೆ ಹಸಿ ವಾಸನೆ ಹೋಗುತ್ತದೆ, ಆಗ ತಿರುವಬೇಕು. ಅಂಗೈಯನ್ನು ಒಂದು ಗೇಣು ಮೇಲೆ ಹಿಡಿದರೆ ಉಬ್ಬಿದ್ದು ಹಬೆಯಲ್ಲೇ ತಿಳಿಯುತ್ತದೆ. ಇನ್ನೂ ಎರಡು ಕಡೆ ಸುಟ್ಟುಕೊಂಡೆ. ಯಾರಿಗೂ ಹೇಳಲಿಲ್ಲ.

ಶನಿವಾರ ಐವತ್ತೂ ಬಡಿದೆ. ಮಲಕಪ್ಪ ಒಂದೊಂದಾಗಿ ಎತ್ತಿ ನೋಡುತ್ತಾ ಬಂದ. ನಡುವೆ ಜಯಶ್ರೀ ಒಂದನ್ನು ಸರಕ್ಕನೆ ಎಳೆದುಕೊಂಡು, “ಇದ ನಾ ಬಡಿದಿದ್ದು ಬಿಡ್ರಿ” ಎಂದು ಮುರಿದು ಬಾಯಿಗೆ ಹಾಕಿಕೊಂಡಳು. ಅವಳು ಆವತ್ತು ಹಿಟ್ಟನ್ನೇ ಮುಟ್ಟಿರಲಿಲ್ಲ. ಸುಟ್ಟ ವಾಸನೆ ನನಗೆ ಬಾರದೇ? ಕಣ್ಣು ಹೋಗಿದೆ, ಮೂಗು ಹೋಗಿಲ್ಲ. ಮೂವತ್ತು ವರ್ಷ ನಾನು ಬೈದ ಸೊಸೆ ಅವಳು. ಆವತ್ತಿನಿಂದ ಸ್ವಲ್ಪ ಕಡಿಮೆ ಬೈಯುತ್ತೇನೆ. ಹಂಚು ಒಲೆಯ ಮೇಲೇ ಇದೆ.

ಇನ್ನು ಬೈಗುಳ. ಮುತ್ತು, ಗಂಟಲು ಸರಿ ಮಾಡಿಕೋ. ಕಂಠೆಪ್ಪಣ್ಣಾ, ನಿನ್ನ ತಮ್ಮನ ಮಕ್ಕಳು ಕರೆಂಟಿನ ಗಿರಣಿ ಹಾಕಿ, “ದೊಡ್ಡಪ್ಪಾ, ಇನ್ನ ಕುಂತು ಉಣ್ಣು” ಎಂದು ನಿನ್ನನ್ನು ಕಟ್ಟೆಗೆ ಕೂರಿಸಿದ್ದಾರಂತೆ. ನೀನೂ ಕುಳಿತೆಯಂತೆ! ನಾನು ಇಲ್ಲಿ ನಿನ್ನ ಬೆರಳು ನೆನೆಸಿಕೊಂಡು ಎದ್ದು ನಿಂತರೆ, ನೀನು ಅಲ್ಲಿ ಆ ಬೆರಳನ್ನೇ ಮಡಚಿ ಕೂತಿದ್ದೀಯಾ? ಎಂಬತ್ತಾದರೇನು? ನಾಳೆಯೇ ಒಳಗೆ ಹೋಗು. ಪಟ್ಟಾದ ಹತ್ತಿರ ಬೇಡ, ಹಿಟ್ಟು ಬೀಳುವ ಕಡೆ ಒಂದು ಸ್ಟೂಲು ಹಾಕಿಸಿಕೋ. ಊರವರ ಹಿಟ್ಟು ನಿನ್ನ ಬೆರಳು ದಾಟಿಯೇ ಮನೆಗೆ ಹೋಗಲಿ.

ಬಿಳಿ ಅರಿವೆಯಲ್ಲಿ ಆರು ಕಡಕ್ ರೊಟ್ಟಿ ಕಟ್ಟಿದ್ದೇನೆ. ಐದು ನನ್ನವು. ಉಳಿದ ಒಂದು ಮಾತ್ರ ಎರಡೂ ಕಣ್ಣಿರುವ ಜಯಶ್ರೀ ಬಡಿದದ್ದು. ಯಾವುದು ಎಂದು ಮುತ್ತುವಿಗೂ ಗೊತ್ತಿಲ್ಲ, ಅವನನ್ನು ಕೇಳಬೇಡ. ತಡವಿ ನೋಡಿ, ಅವಳದನ್ನು ಬೇರೆ ತೆಗೆದು ಅವನ ಕೈಯಲ್ಲೇ ವಾಪಸ್ ಕಳಿಸು. ಸರಿಯಾಗಿ ಹುಡುಕಿದರೆ, ಆವತ್ತು ಬಾಗಿಲಲ್ಲಿ ಕೂಗಿದ್ದಕ್ಕೆ ತಪ್ಪಾಯಿತು ಎಂದು ಬರೆದು ಕಳಿಸುತ್ತೇನೆ. ತಪ್ಪಾಗಿ ಹುಡುಕಿದೆಯೋ, ಊರಿಗೇ ಬಂದು ಅದೇ ಬಾಗಿಲಲ್ಲಿ ನಿಂತು ಮತ್ತೆ ಅದೇ ಹೆಸರು ಕೂಗುತ್ತೇನೆ.

ನಿನ್ನ ಬೆರಳಿನ ತುದಿ ನೂರು ವರ್ಷ ಚುರುಕಾಗಿರಲಿ. ಶರಣು.

ಹಂಚಿನ ಮುಂದೆ ಕೂತಿರುವ,
ಕಟಕಟಿ ಲಕ್ಷ್ಮವ್ವ